ಹೃದಯದ ಪಾಠಕ್ಕೆ ಮಕ್ಕಳ ತೋಳೇ ಸಾಕು

ಮಾನ್ಯ ಸಂಪಾದಕರೆ,

ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಥರ್ಮಾಕೋಲಿನ ಹೃದಯದೊಳಗೆ ಕೆಂಪು, ನೀಲಿ ದೀಪ ಮಿನುಗಿಸುವ ಮಾದರಿಗಳಿಗೆ ಕೊರತೆಯಿಲ್ಲ. ವಿಜಯಪುರ ಜಿಲ್ಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದು ನಿವೃತ್ತನಾದ ನನಗೆ ಅವುಗಳ ಬಗ್ಗೆ ತಕರಾರೇನೂ ಇಲ್ಲ. ಆದರೆ ರಕ್ತ ಒಂದೇ ದಿಕ್ಕಿಗೆ ಹರಿಯುವುದು ಹೇಗೆ ಗೊತ್ತಾಯಿತೆಂದು ಕೇಳಿದರೆ, ಮಾದರಿ ಮಾಡಿದ ವಿದ್ಯಾರ್ಥಿಯಿಂದ ಬರುವ ಉತ್ತರ ‘ಪುಸ್ತಕದಲ್ಲಿದೆ’ ಎಂಬುದೇ.

ಯುರೋಪಿನ ವೈದ್ಯರೂ ಸುಮಾರು 1400 ವರ್ಷ ಹೀಗೆಯೇ ಹೇಳುತ್ತಿದ್ದರು. ರಕ್ತವು ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ಖರ್ಚಾಗುತ್ತದೆ, ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ ಎಂಬ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲನ್‌ನ ಮಾತೇ ಅವರಿಗೆ ಪ್ರಮಾಣವಾಗಿತ್ತು. ಅಂಥ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಹೃದಯದ ಎಡಭಾಗಕ್ಕೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ಅರಬ್ ವೈದ್ಯ ಇಬ್ನ್ ಅಲ್ ನಫೀಸ್ ಬರೆದಿದ್ದನ್ನು ನಮ್ಮ ತರಗತಿಗಳಲ್ಲಿ ಹೇಳುವವರು ವಿರಳ.

ಬರೀ ನೋಡಿದರೂ ಸಾಲದು ಎಂಬುದಕ್ಕೆ ಇಟಲಿಯ ಪಾದುವಾದ ಅಂಗರಚನಾ ತಜ್ಞ ಫ್ಯಾಬ್ರಿಶಿಯಸ್ ಸಾಕ್ಷಿ. ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿಗಳೊಳಗಿನ ಕವಾಟಗಳನ್ನು ಆತ 1603ರಲ್ಲಿ ಚಿತ್ರಸಹಿತ ಪ್ರಕಟಿಸಿದರೂ, ಅವು ಕೈಕಾಲುಗಳಲ್ಲಿ ರಕ್ತ ತುಂಬಿ ನಿಲ್ಲದಂತೆ ತಡೆಯುತ್ತವೆ ಎಂದಷ್ಟೇ ತಿಳಿದ. ಅವನ ಶಿಷ್ಯ, ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ, ಹೃದಯ ನಿಧಾನವಾಗಿ ಬಡಿಯುವ ಕಪ್ಪೆ, ಹಾವು, ಮೀನುಗಳನ್ನು ತಾಳ್ಮೆಯಿಂದ ಗಮನಿಸಿ, ಪ್ರತಿ ಬಡಿತಕ್ಕೆ ಅರ್ಧ ಔನ್ಸ್ ಮಾತ್ರ ರಕ್ತ ಹೊರಬಿದ್ದರೂ ಅರ್ಧ ಗಂಟೆಯ ಸಾವಿರ ಬಡಿತಗಳಿಗೆ 500 ಔನ್ಸ್, ಅಂದರೆ ಸುಮಾರು 14 ಕಿಲೋ ಆಗುತ್ತದೆ, ಇಷ್ಟನ್ನು ಯಾವ ಊಟವೂ ಒದಗಿಸಲಾರದು, ಆದ್ದರಿಂದ ಅದೇ ರಕ್ತ ಮರಳಿ ಬರುತ್ತಿರಲೇಬೇಕು ಎಂದು 1628ರಲ್ಲಿ ವಾದಿಸಿದ. ಗುಣಾಕಾರ ಬಲ್ಲ ಐದನೇ ತರಗತಿಯ ಮಗುವೂ ಮಾಡಬಹುದಾದ ಲೆಕ್ಕವಿದು!

ಹಾರ್ವೆಯ ತೋಳಿನ ಪರೀಕ್ಷೆಯಂತೂ ಖರ್ಚಿಲ್ಲದ್ದು. ಮೊಣಕೈ ಮೇಲೆ ಬಟ್ಟೆಯನ್ನು ತುಸು ಬಿಗಿಯಾಗಿ ಕಟ್ಟಿದರೆ ಅಭಿಧಮನಿಗಳು ಉಬ್ಬಿ, ಕವಾಟಗಳಿರುವಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಒಂದು ಬೆರಳಿನಿಂದ ಅಭಿಧಮನಿಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ರಕ್ತವನ್ನು ಮೇಲಿನ ಗಂಟು ದಾಟುವಂತೆ ನೀವಿದರೆ ನಡುವಿನ ಭಾಗ ಬರಿದಾಗಿಯೇ ಉಳಿಯುತ್ತದೆ. ಮೇಲಿನಿಂದ ರಕ್ತ ಇಳಿಯುವುದಿಲ್ಲ, ಕೆಳಗಿನ ಬೆರಳು ತೆಗೆದೊಡನೆ ತುಂಬುತ್ತದೆ. ಶಿಕ್ಷಕರು ಎದುರಿಗಿರಬೇಕು, ಒಂದೆರಡು ನಿಮಿಷದಲ್ಲಿ ಕಟ್ಟು ಬಿಚ್ಚಬೇಕು, ಅಷ್ಟೆ.

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದೊಂದಿಗೆ ಈ ಪರೀಕ್ಷೆಯನ್ನು ಕಡ್ಡಾಯವಾಗಿ ಮಾಡಿಸಲು ಶಿಕ್ಷಣ ಇಲಾಖೆ ಸೂಚಿಸಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ನಗರಗಳಲ್ಲಿ ವೈದ್ಯಕೀಯ ಕಾಲೇಜುಗಳಿದ್ದು, ಅವುಗಳ ಅಂಗರಚನಾ ವಿಭಾಗಗಳು ತಿಂಗಳಿಗೊಂದು ಶನಿವಾರ ಪ್ರೌಢಶಾಲಾ ಮಕ್ಕಳಿಗೆ ನಿಜವಾದ ಹೃದಯವನ್ನೂ ಅದರ ಕವಾಟಗಳನ್ನೂ ತೋರಿಸುವ ವ್ಯವಸ್ಥೆಯಾಗಬೇಕು. ಮಕ್ಕಳು ಅಂಜುತ್ತಾರೆಂಬ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ: ತೀರಿಕೊಂಡ ತಂದೆಯ ಇಚ್ಛೆಯಂತೆ ಅವರ ದೇಹವನ್ನು ವೈದ್ಯನಾದ ಮಗನೇ 2010ರಲ್ಲಿ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದು ಇದೇ ಬೆಳಗಾವಿಯಲ್ಲಿ.

ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಲೋಮನಾಳಗಳನ್ನು ಹಾರ್ವೆ ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ನಂತರ, 1661ರಲ್ಲಿ, ಇಟಲಿಯ ವೈದ್ಯ ಮಾಲ್ಪೀಗಿ ಅವನ್ನು ಸೂಕ್ಷ್ಮದರ್ಶಕದಿಂದ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ. ಶಾಲೆಯ ಕಪಾಟಿನಲ್ಲಿ ಬೀಗ ಹಾಕಿಟ್ಟ ಸೂಕ್ಷ್ಮದರ್ಶಕವನ್ನು ಹೊರತೆಗೆದರೆ ಒದ್ದೆ ಹತ್ತಿಯಲ್ಲಿ ಸುತ್ತಿದ ಸಣ್ಣ ಮೀನಿನ ಬಾಲದಲ್ಲಿ ಆ ಹರಿವನ್ನು ಮಕ್ಕಳಿಗೆ ತೋರಿಸಿ, ಮೀನನ್ನು ಮತ್ತೆ ನೀರಿಗೆ ಬಿಡಬಹುದು.

– ನಿವೃತ್ತ ವಿಜ್ಞಾನ ಶಿಕ್ಷಕ, ವಿಜಯಪುರ