ಬೇಕಾದವರಿಗೆ ಬೇಕಾದ ವಿಟಮಿನ್ ಸಾಕು

ಮಾನ್ಯ ಸಂಪಾದಕರೆ,

ವೈದ್ಯರನ್ನು ಕೇಳದೆ ಮಲ್ಟಿವಿಟಮಿನ್ ಡಬ್ಬಿ ಕೊಂಡು, ‘ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗದು’ ಎಂದು ಸಮಾಧಾನಪಡುವವರು ಬಹಳ. ಆದರೆ ಫಿನ್ಲೆಂಡಿನ ಸುಮಾರು 29,000 ಪುರುಷ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾನ್ಸರ್ ತಡೆಯಲೆಂದೇ ಕೊಟ್ಟ ಬೀಟಾ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ವಸ್ತು) ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿ ಕಂಡುಬಂತು. ಹೃದ್ರೋಗ, ಕ್ಯಾನ್ಸರ್‌ಗಳನ್ನು ಮಲ್ಟಿವಿಟಮಿನ್ ತಡೆಯುತ್ತದೆನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಹೇಳಿತು.

ಹಾಗೆಂದು ಎಲ್ಲ ಮಾತ್ರೆಗಳೂ ವ್ಯರ್ಥವಲ್ಲ. ಗರ್ಭಧಾರಣೆಗೆ ಮುನ್ನವೇ ಆರಂಭಿಸಿ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಿದರೆ ಶಿಶುವಿಗೆ ಬೆನ್ನುಹುರಿಯ ದೋಷ ಬರುವ ಅಪಾಯ ತಗ್ಗುತ್ತದೆ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಲವು ವರ್ಷ ಸಕ್ಕರೆ ಕಾಯಿಲೆಯ ಔಷಧ ಮೆಟ್‌ಫಾರ್ಮಿನ್ ತೆಗೆದುಕೊಂಡ ಮಧುಮೇಹಿಗಳಲ್ಲಿ, ವಿಟಮಿನ್ ಬಿ12 ಕೊರತೆ ಅಪರೂಪವೇನಲ್ಲ. ಅಂಥವರಿಗೆ ಬೇಕಾದದ್ದು ರಕ್ತಪರೀಕ್ಷೆ ಮತ್ತು ಕೊರತೆಯಿರುವ ಆ ಒಂದೇ ಪೋಷಕಾಂಶ, ಇಪ್ಪತ್ತನ್ನು ಬೆರೆಸಿದ ದುಬಾರಿ ಗುಳಿಗೆಯಲ್ಲ.

ಆಹಾರಪೂರಕವೆಂದು ಮಾರಾಟವಾಗುವ ಡಬ್ಬಿಗಳನ್ನು ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಔಷಧವೆಂದಲ್ಲ, ಆಹಾರವೆಂದೇ ನಿಯಂತ್ರಿಸುತ್ತದೆ. ಔಷಧೀಯ ಬಳಕೆಗಲ್ಲ ಎಂಬ ಸೂಚನೆಯೂ ಅವುಗಳ ಮೇಲೆ ಇರಲೇಬೇಕು. ಜಾಹೀರಾತಿನ ಅಬ್ಬರದ ನಡುವೆ ಅದನ್ನು ಓದುವವರು ಯಾರು? ಕರ್ನಾಟಕದಲ್ಲಿ ಮಾರುವ ಡಬ್ಬಿಗಳ ಮೇಲಾದರೂ ಆ ಸೂಚನೆಯನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಮುದ್ರಿಸುವಂತೆ ಸರ್ಕಾರ ಒತ್ತಾಯಿಸಬೇಕು.

– ಓದುಗ, ದಾವಣಗೆರೆ