ಅಂಕಿಯ ಪಕ್ಕದ ಮಾನವೂ ಕಾಣಲಿ

ಮಾನ್ಯರೇ,

ಹೃದಯದ ರಕ್ತಪರೀಕ್ಷೆಯ ಎಷ್ಟೋ ವರದಿಗಳಲ್ಲಿ ಅಂಕಿ ದಪ್ಪಕ್ಷರದಲ್ಲಿರುತ್ತದೆ, ಅದರ ಮಾನ (ಅಳತೆಯ ಯೂನಿಟ್) ಮಾತ್ರ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿರುತ್ತದೆ. ಟ್ರೋಪೊನಿನ್ ಪರೀಕ್ಷೆಯನ್ನೇ ನೋಡಿ. ಇದು ಹೃದಯದ ಸ್ನಾಯುವಿನಲ್ಲಿರುವ ಪ್ರೋಟೀನು. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಕೆಲವು ಲ್ಯಾಬ್‌ಗಳು ಇದನ್ನು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಬರೆಯುತ್ತವೆ, ಕೆಲವು ಲೀಟರಿಗೆ ಇಷ್ಟು ಎಂದು. ಎರಡರ ನಡುವೆ 1000 ಪಟ್ಟು ವ್ಯತ್ಯಾಸ! ಒಂದರಲ್ಲಿ 0.04 ಎಂದಿರುವುದು ಇನ್ನೊಂದರಲ್ಲಿ 40. ಎರಡೂ ಒಂದೇ ಅಳತೆ. ಆದರೆ ಎದೆನೋವಿನಿಂದ ಬಂದವರ ಮನೆಯವರು ಸುಮ್ನೆ ಗಾಬರಿಯಾಗಲು, ಇಲ್ಲವೇ ತಪ್ಪಾಗಿ ನಿರಾಳರಾಗಲು ಇಷ್ಟು ಸಾಕು ಅಲ್ವಾ?

ಮಾನ ಒಂದೇ ಆದರೂ, ಬೇರೆ ಬೇರೆ ಕಂಪನಿಗಳ ಪರೀಕ್ಷಾ ವಿಧಾನಗಳ ಫಲಿತಾಂಶವನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ವೈದ್ಯರು ಕೆಲವು ಗಂಟೆಗಳ ಅಂತರದಲ್ಲಿ ಮತ್ತೆ ರಕ್ತ ತೆಗೆದು ಏರಿಳಿತ ನೋಡುತ್ತಾರೆ. ನಡುವೆ ಲ್ಯಾಬ್ ಬದಲಾದರೆ ಆ ಹೋಲಿಕೆಯೇ ಕೆಡಬಹುದು.

ಹಾಗಾಗಿ ಮಾನ, ಪರೀಕ್ಷೆಯ ವಿಧಾನ, ಆ ವಿಧಾನದ ಸಾಮಾನ್ಯ ಮಿತಿ, ರಕ್ತ ತೆಗೆದ ಸಮಯ ಇವಿಷ್ಟನ್ನೂ ಲ್ಯಾಬ್‌ಗಳು ಅಂಕಿಯ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಲಿ.

– ಓರ್ವ ಓದುಗ