ಸಂಕೇತಕ್ಕೆ ಒಂದೇ ಅರ್ಥ ಸಾಲದು

ಮಾನ್ಯ ಸಂಪಾದಕರೇ,

ಸಣ್ಣಕತೆಯ ನಿರ್ಣಾಯಕ ಸನ್ನಿವೇಶವನ್ನು ವಿವರಿಸುವಾಗ ನದಿಗೊಂದು, ಬೆಟ್ಟಕ್ಕೊಂದು, ಮೋಡಕ್ಕೊಂದು ಅರ್ಥ ಅಂಟಿಸಿ ಮುಗಿಸಿಬಿಡುವ ರೂಢಿ ತರಗತಿಯಲ್ಲೂ ವಿಮರ್ಶೆಯಲ್ಲೂ ಬೇರೂರಿರುವುದು ನನಗೆ ನಿಜಕ್ಕೂ ನೋವು ತಂದಿದೆ.

ಅಮೆರಿಕದ ಕತೆಗಾರ ಹೆಮಿಂಗ್ವೇ 1927ರಲ್ಲಿ ಪ್ರಕಟಿಸಿದ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ ಕತೆಯನ್ನೇ ನೋಡಿ. ಸ್ಪೇನಿನ ರೈಲು ನಿಲ್ದಾಣವೊಂದರಲ್ಲಿ ಕುಳಿತ ಜೋಡಿ ಮಾತನಾಡುತ್ತಿರುವುದು ಗರ್ಭಪಾತದ ವಿಷಯ. ಆದರೆ ಆ ಪದ ಕತೆಯಲ್ಲಿ ಒಮ್ಮೆಯೂ ಬರುವುದಿಲ್ಲ. ತನ್ನ ಬಗ್ಗೆ ತನಗೆ ಚಿಂತೆಯಿಲ್ಲ ಎಂದ ಹುಡುಗಿ, ಜೊತೆಗಿದ್ದ ಗಂಡಸಿನ ಉತ್ತರ ಕೇಳಿದ ಕೂಡಲೇ ಎದ್ದು ನಿಲ್ದಾಣದ ತುದಿಗೆ ನಡೆದು, ಆಚೆ ಬದಿಯ ಪೈರಿನ ಹೊಲಗಳನ್ನೂ ಎಬ್ರೋ ನದಿಯ ದಂಡೆಯ ಮರಗಳನ್ನೂ ಪೈರಿನ ಮೇಲೆ ಸರಿಯುವ ಮೋಡದ ನೆರಳನ್ನೂ ನೋಡುತ್ತಾಳೆ. ಆ ಹೊಲವನ್ನು ಫಲವಂತಿಕೆಯೆಂದು ಓದುವುದು ತಪ್ಪೇನಲ್ಲ. ಆದರೆ ಇದೆಲ್ಲವೂ ನಮ್ಮದಾಗಬಹುದಿತ್ತು ಎಂದು ಅವಳು ಹೇಳಿದಾಗ, ಏನು ಹೇಳಿದೆ ಎಂದು ಅವನು ಕೇಳುತ್ತಾನಲ್ಲ, ಒಳದನಿ ಇರುವುದು ಅಲ್ಲಿ: ಅವಳು ಕಂಡದ್ದು ಅವನಿಗೆ ಕಾಣಲೂ ಇಲ್ಲ, ಕೇಳಲೂ ಇಲ್ಲ. ಮುಂದೆ ಒಂದೇ ವಾಕ್ಯದಲ್ಲಿ ಏಳು ಬಾರಿ ‘ದಯವಿಟ್ಟು’ ಎಂದು, ಮಾತು ನಿಲ್ಲಿಸುವಂತೆ ಅವಳು ಬೇಡಿಕೊಳ್ಳುವುದರ ತೂಕವೂ ಈ ಕ್ಷಣವನ್ನು ಗಮನಿಸಿದವರಿಗೇ ತಿಳಿಯುತ್ತದೆ.

ಯಾರು, ಯಾವ ಮಾತಿನ ಬೆನ್ನಿಗೆ, ಏನನ್ನು ನೋಡಿದರು ಎಂಬುದನ್ನು ಬಿಟ್ಟು ಸಂಕೇತವನ್ನಷ್ಟೇ ಕಿತ್ತು ತೋರಿಸಿದರೆ ಕತೆಯ ಜೀವವೇ ಹೋಗುತ್ತದೆ. ಆದ್ದರಿಂದ ಒಂದು ಸನ್ನಿವೇಶವನ್ನು ಸಾಲು ಸಾಲಾಗಿ ಹಿಂಬಾಲಿಸಿ ಓದುವ ಬರಹಗಳಿಗೆ ತಮ್ಮ ಸಾಹಿತ್ಯ ಪುರವಣಿಯಲ್ಲಿ ಸ್ಥಳ ನೀಡಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ